ಗುಜರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳೆದ ಬೀದಿಯ ತುದಿಯಲ್ಲಿ ಒಂದು ಗುಜರಿ ಅಂಗಡಿ ಇತ್ತು. ನಮ್ಮ ಮನೆಗೆ ದಾರಿ ಹೇಳುವಾಗ ಅಪ್ಪ ‘ಗುಜರಿ ಅಂಗಡಿ ದಾಟಿ ಎರಡನೆಯ ಮನೆ’ ಎನ್ನುತ್ತಿದ್ದರು. ಅಮ್ಮನಿಗೆ ಅದು ಇಷ್ಟವಿರಲಿಲ್ಲ, ‘ಅರಳಿಮರ ದಾಟಿ’ ಎಂದು ತಿದ್ದುತ್ತಿದ್ದರು. ಒಂದು ಮಾತಿಗೆ ಇಬ್ಬರ ಬಾಯಲ್ಲಿ ಎರಡು ಬೆಲೆ ಇರುವುದನ್ನು ನಾನು ಮೊದಲು ಕಂಡದ್ದು ಹಾಗೆ. ಅಂದಿನಿಂದ ಈ ಪದದ ಬೆನ್ನು ಹತ್ತಿದ್ದೇನೆ. ಬಂಧುಗಳು, ಗೆಳೆಯರು, ಪತ್ರ ಬರೆಯುವ ಓದುಗರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

## ಮೊದಲು ಅರ್ಥ

ಗುಜರಿ ಎಂದರೆ ಸರಿಯಾಗಿ ಏನು? ಹಳೆಯದೆಲ್ಲ ಗುಜರಿಯೇ?

ಅಲ್ಲ. ಅಜ್ಜಿಯ ಕಾಸಿನ ಸರ ಹಳೆಯದು, ಆದರೆ ಅದನ್ನು ಗುಜರಿ ಎಂದರೆ ಮನೆಯಲ್ಲಿ ಊಟ ಸಿಗುವುದಿಲ್ಲ. ಹೋದ ವರ್ಷ ಕೊಂಡ ಮಿಕ್ಸಿಯ ಮೋಟಾರು ಸುಟ್ಟು, ದುರಸ್ತಿಯವನು ಕೈ ಚೆಲ್ಲಿದರೆ ಅದು ಇವತ್ತೇ ಗುಜರಿ. ವಯಸ್ಸು ಇಲ್ಲಿ ಮುಖ್ಯವಲ್ಲ.

ನಾನು ಇಟ್ಟುಕೊಂಡಿರುವ ಅಳತೆ ಇಷ್ಟು: ಒಂದು ವಸ್ತುವನ್ನು ಎಣಿಸುವುದು ಬಿಟ್ಟು ತೂಗಲು ಶುರುಮಾಡಿದ ಗಳಿಗೆಯಲ್ಲಿ ಅದು ಗುಜರಿಯಾಗುತ್ತದೆ. ಅಂಗಡಿಯಿಂದ ತಂದಾಗ ಅದು ‘ಒಂದು ಸೈಕಲ್’. ಮಾರಿದಾಗ ‘ಹನ್ನೆರಡು ಕಿಲೋ ಕಬ್ಬಿಣ’. ಹೆಸರು, ಕಂಪನಿ, ಬಣ್ಣ, ಅದನ್ನು ಕೊಡಿಸಿದವರ ನೆನಪು ಎಲ್ಲ ಕಳಚಿ ಲೋಹದ ತೂಕವಷ್ಟೇ ಉಳಿದಾಗ ಈ ಪದ ಬರುತ್ತದೆ. ಹಾಗೆಯೇ ಇಂಥ ಸಾಮಾನನ್ನು ಕೊಳ್ಳುವ ಅಂಗಡಿಗೂ, ಅಂಥ ಅಂಗಡಿಗಳು ಸಾಲಾಗಿರುವ ಪೇಟೆಗೂ ಗುಜರಿ ಎಂದೇ ಹೆಸರು. ಬೆಂಗಳೂರಿನ ಶಿವಾಜಿನಗರದಲ್ಲಿ ‘ಗುಜರಿಗೆ ಹೋಗಿ ಬರುತ್ತೇನೆ’ ಎಂದರೆ ಹಳೆಯ ವಾಹನಗಳ ಬಿಡಿಭಾಗ ಹುಡುಕಲು ಹೊರಟಿದ್ದಾರೆ ಎಂದರ್ಥ.

ಕಸಕ್ಕೂ ಗುಜರಿಗೂ ವ್ಯತ್ಯಾಸ ಇದೆಯೇ? ನಮ್ಮ ಮನೆಯಲ್ಲಿ ಎರಡೂ ಒಂದೇ ಎನ್ನುತ್ತಾರೆ.

ಕಸವನ್ನು ಒಯ್ಯುವವರಿಗೆ ನಾವು ಕೊಡಬೇಕು, ಗುಜರಿಯನ್ನು ಒಯ್ಯುವವರು ನಮಗೆ ಕೊಡುತ್ತಾರೆ. ಮನೆಯವರು ಒಪ್ಪದಿದ್ದರೆ ಒಂದು ಭಾನುವಾರ ಹಳೆಯ ಪ್ರೆಷರ್ ಕುಕ್ಕರನ್ನು ತೂಕಕ್ಕೆ ಹಾಕಿ ಬಂದ ನೋಟನ್ನು ತೋರಿಸಿ.

ಗುಜರಿ, ಗುಜುರಿ, ಗುಜ್ರಿ: ಯಾವುದು ಸರಿ?

ಅಚ್ಚಿನಲ್ಲಿ ‘ಗುಜರಿ’ ನಿಂತಿದೆ, ಬರೆಯುವಾಗ ಅದನ್ನೇ ಬರೆಯಿರಿ. ಮಾತಿನಲ್ಲಿ ನಡುವಿನ ಸ್ವರ ಜಾರುವುದು ಕನ್ನಡಕ್ಕೆ ಹೊಸತಲ್ಲ. ಗುಜುರಿ ಎಂದವರನ್ನು ತಿದ್ದಲು ಹೋಗಬೇಡಿ.

ರದ್ದಿ ಎಂದರೂ ಅದೇ ತಾನೇ?

ರದ್ದಿ ಗುಜರಿಯ ಒಂದು ಕವಲು. ಹಳೆಯ ಪತ್ರಿಕೆ, ಮುಗಿದ ನೋಟ್‌ಪುಸ್ತಕ, ಕಚೇರಿಯ ಕಾಗದ ಇವು ರದ್ದಿ. ಮುರಿದ ಕುರ್ಚಿಯನ್ನು ಯಾರೂ ರದ್ದಿ ಎನ್ನುವುದಿಲ್ಲ. ‘ರದ್ದು ಮಾಡು’ ಎನ್ನುವಾಗಿನ ರದ್ದು ಮತ್ತು ಈ ರದ್ದಿ ಒಂದೇ ಅರಬ್ಬಿ ಮೂಲದವು. ತಳ್ಳಿಹಾಕಿದ್ದು, ಹಿಂದಿರುಗಿಸಿದ್ದು ಎಂಬ ಅರ್ಥ. ರೈಲು ರದ್ದಾದಾಗ ಕೈಯಲ್ಲಿನ ಟಿಕೆಟ್ ರದ್ದಿಯಾಗುವುದು ನ್ಯಾಯವೇ.

## ಮಾತಿನಲ್ಲಿ, ಬರಹದಲ್ಲಿ

ನನ್ನ ಮಗಳು ಹೊರದೇಶದಲ್ಲಿ ಬೆಳೆದವಳು. ‘ಗುಜರಿ’ಯನ್ನು ವಾಕ್ಯದಲ್ಲಿ ಹೇಗೆ ಬಳಸಬೇಕು ಎಂದು ಕೇಳುತ್ತಾಳೆ.

ಮೂರು ಬಳಕೆ ಕಲಿಸಿದರೆ ಸಾಕು. ಮೊದಲನೆಯದು ‘ಗುಜರಿಗೆ ಹಾಕು’: ‘ಈ ಕಪಾಟನ್ನು ಗುಜರಿಗೆ ಹಾಕೋಣ.’ ಎರಡನೆಯದು ‘ಗುಜರಿ ಸೇರು’, ‘ಗುಜರಿ ಪಾಲಾಗು’: ‘ನಮ್ಮ ಕಪ್ಪುಬಿಳುಪು ಟಿ.ವಿ. ಎಂದೋ ಗುಜರಿ ಸೇರಿತು.’ ಇದರಲ್ಲಿ ಸಣ್ಣ ನಿಟ್ಟುಸಿರು ಇದೆ. ವಸ್ತು ತಾನೇ ನಡೆದು ಹೋದಂತೆ ಹೇಳುತ್ತೇವೆ, ಕೊಟ್ಟವರು ನಾವಾದರೂ. ಮೂರನೆಯದು ಇನ್ನೊಂದು ನಾಮಪದಕ್ಕೆ ಮೊದಲು ವಿಶೇಷಣದಂತೆ ನಿಲ್ಲುವುದು: ಗುಜರಿ ಸಾಮಾನು, ಗುಜರಿ ಅಂಗಡಿ, ಗುಜರಿ ವ್ಯಾಪಾರಿ.

ಬಹುವಚನ ಮಾತ್ರ ಇದಕ್ಕೆ ಒಗ್ಗುವುದಿಲ್ಲ. ‘ಮನೆಯಲ್ಲಿ ಗುಜರಿಗಳು ಇವೆ’ ಎಂದು ಅವಳು ಹೇಳಿದರೆ ಅಜ್ಜಿ ನಗುತ್ತಾರೆ. ತೂಗುವ ವಸ್ತುವಿಗೆ ಎಣಿಕೆಯ ಪ್ರತ್ಯಯ ಹತ್ತುವುದಿಲ್ಲ. ಅಕ್ಕಿಗಳು, ಹಿಟ್ಟುಗಳು ಎಂದು ಎಷ್ಟು ಜನ ಹೇಳುತ್ತಾರೆ? ಹಾಗೆಯೇ ‘ಗುಜರಿ ತುಂಬಿದೆ’, ‘ಒಂದು ರಾಶಿ ಗುಜರಿ’.

ನಮ್ಮ ಚಿಕ್ಕಪ್ಪನ ಕಾರನ್ನು ಎಲ್ಲರೂ ‘ಡಕೋಟ’ ಎನ್ನುತ್ತಾರೆ. ಡಕೋಟ ಎಂದರೂ ಗುಜರಿ ಎಂದರೂ ಒಂದೇ ಅಲ್ಲವೇ?

ಚಿಕ್ಕಪ್ಪನ ಮುಂದೆ ಹಾಗೆ ಹೇಳಬೇಡಿ, ದೊಡ್ಡ ವ್ಯತ್ಯಾಸವಿದೆ. ಡಕೋಟ ಇನ್ನೂ ಓಡುತ್ತದೆ. ಕೆಮ್ಮುತ್ತ, ಅಲುಗುತ್ತ, ಇಳಿಜಾರು ಸಿಕ್ಕಾಗ ಉತ್ಸಾಹ ತೋರಿಸುತ್ತ ಓಡುತ್ತದೆ. ಗುಜರಿ ನಿಂತೇ ಹೋಗಿರುವುದು. ಲಡಕಾಸಿ ಎಂಬುದೂ ಡಕೋಟದ ನೆರೆಯ ಮಾತೇ.

ಡಕೋಟದ ಮೂಲಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ವಿಮಾನದ್ದು. ಅಮೆರಿಕದ ಡಗ್ಲಸ್ ಕಂಪನಿಯ ಡಿ.ಸಿ.-3 ವಿಮಾನ ಮೊದಲು ಹಾರಿದ್ದು 1935ರಲ್ಲಿ. ಅದರ ಸೇನಾ ಮಾದರಿಗೆ ಬ್ರಿಟಿಷ್ ವಾಯುಪಡೆ ಡಕೋಟಾ ಎಂದು ಹೆಸರಿಟ್ಟಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಉಳಿದ ಈ ವಿಮಾನಗಳು ಅಗ್ಗಕ್ಕೆ ಸಿಕ್ಕಿ ನಮ್ಮ ದೇಶದ ಖಾಸಗಿ ವಿಮಾನ ಕಂಪನಿಗಳ ಕೈ ಸೇರಿದವು. 1953ರಲ್ಲಿ ಅವನ್ನೆಲ್ಲ ರಾಷ್ಟ್ರೀಕರಿಸಿ ಇಂಡಿಯನ್ ಏರ್‌ಲೈನ್ಸ್ ಕಟ್ಟಿದಾಗ ಅದರ ಕೈಗೆ ಬಂದ ವಿಮಾನಗಳಲ್ಲಿ ಹೆಚ್ಚಿನವು ಡಕೋಟಾಗಳೇ. ಸದ್ದು ಹೆಚ್ಚು, ವಯಸ್ಸೂ ಹೆಚ್ಚು. ಹೆಸರು ಹಳೆಯ ಬಸ್ಸಿಗೆ, ಲಾರಿಗೆ, ಕೊನೆಗೆ ಚಿಕ್ಕಪ್ಪನ ಕಾರಿಗೆ ಅಂಟಿತು ಎನ್ನುತ್ತಾರೆ.

ವಿಮಾನಕ್ಕೆ ಇದು ಅನ್ಯಾಯ ಎಂದು ನನಗೆ ಅನ್ನಿಸುತ್ತದೆ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸಿಖ್ ರೆಜಿಮೆಂಟಿನ ಮೊದಲ ಸೈನಿಕರನ್ನು ಇಳಿಸಿದ್ದು ಇದೇ ಡಕೋಟಾ. ಗಟ್ಟಿತನಕ್ಕೆ ಹೆಸರಾದ ಯಂತ್ರದ ಹೆಸರು ನಮ್ಮ ಬಾಯಲ್ಲಿ ಲಟಲಟ ಎನ್ನುವ ಗಾಡಿಯದಾಯಿತು.

ನಮ್ಮದು ಬೆಳಗಾವಿ ಕಡೆ. ನಾವು ‘ಮೋಡಕಾ’ ಎನ್ನುತ್ತೇವೆ. ಅದು ತಪ್ಪೇ?

ಏಕೆ ತಪ್ಪು? ಮರಾಠಿಯಲ್ಲಿ ‘ಮೋಡಣೆ’ ಎಂದರೆ ಮುರಿಯುವುದು, ‘ಮೋಡಕಾ’ ಎಂದರೆ ಮುರಿದದ್ದು. ಅದು ಗಡಿ ದಾಟಿ ನಿಮ್ಮಲ್ಲಿ ನೆಲೆಸಿದೆ. ನಿಮ್ಮ ಪದ ವಸ್ತುವಿನ ಸ್ಥಿತಿಯನ್ನು ಹೇಳುತ್ತದೆ, ಗುಜರಿ ಅದು ಸೇರುವ ಜಾಗವನ್ನು ಹೇಳುತ್ತದೆ. ಮಂಗಳೂರಿನ ಕಡೆ ಪದ ಗುಜರಿಯೇ, ಆದರೆ ಅಲ್ಲಿ ಗುಜರಿಯನ್ನು ‘ಹೆಕ್ಕುತ್ತಾರೆ’. ಹಳೆ ಮೈಸೂರಿನವರು ‘ಆಯುತ್ತಾರೆ’.

ಹಾಗಾದರೆ ‘ಓಬೀರಾಯನ ಕಾಲದ್ದು’ ಎಂದರೆ?

ಅದು ಫ್ಯಾಷನ್ನಿಗೆ, ಪದ್ಧತಿಗೆ, ಯೋಚನೆಗೆ ಹೇಳುವ ಮಾತು. ಓಬೀರಾಯನ ಕಾಲದ ಕನ್ನಡಕ, ಓಬೀರಾಯನ ಕಾಲದ ಕಾನೂನು. ವಸ್ತು ಗಟ್ಟಿಯಾಗಿಯೇ ಇರಬಹುದು, ಕಾಲ ಮಾತ್ರ ಮುಂದೆ ಹೋಗಿದೆ. ಗುಜರಿಯಂತೆ ಇದನ್ನು ತೂಗಲಾಗದು.

ಗುಜರಿ ಬೈಗುಳವೇ? ಅಂಗಡಿಯವರ ಎದುರಿಗೆ ಹೇಳಬಹುದೇ?

ಅಂಗಡಿಯವರೇ ತಮ್ಮ ಫಲಕದಲ್ಲಿ ‘ಗುಜರಿ’ ಎಂದು ಬರೆಸಿರುತ್ತಾರೆ. ‘ಗುಜರಿಯವರು’ ಎಂದು ಬಹುವಚನದಲ್ಲಿ ಕರೆದರೆ ಯಾರಿಗೂ ನೋವಿಲ್ಲ. ‘ಗುಜರಿಯವನು’ ಎಂದಾಗ ಮಾತಿನ ಬಣ್ಣ ಬದಲಾಗುತ್ತದೆ. ಹಾಲಿನವರು, ಹೂವಿನವರು ಎನ್ನುವ ಮನೆಯಲ್ಲೇ ಗುಜರಿಯವನು, ಕಸದವನು ಎನ್ನುವುದನ್ನು ಕೇಳಿದ್ದೇನೆ. ಒಂದು ಮನೆ ಯಾರಿಗೆ ‘ಅವರು’ ಎನ್ನುತ್ತದೆ, ಯಾರಿಗೆ ‘ಅವನು’ ಎನ್ನುತ್ತದೆ ಎಂಬುದನ್ನು ಗಮನಿಸಿದರೆ ಆ ಮನೆಯ ಬಗ್ಗೆ ಬೇರೆ ವಿಚಾರಣೆ ಬೇಕಾಗುವುದಿಲ್ಲ.

ಮನುಷ್ಯರಿಗೆ ನೇರವಾಗಿ ಅನ್ವಯಿಸಿದಾಗ ಮಾತ್ರ ಇದು ಬೈಗುಳವೇ. ‘ಅವನ ತಲೆಯಲ್ಲಿ ಬರೀ ಗುಜರಿ’ ಎಂದರೆ ಹೊಗಳಿಕೆ ಅಲ್ಲ. ನಿವೃತ್ತರಾದವರ ಮುಂದೆ ತಮಾಷೆಗೂ ಈ ಪದ ಬೇಡ.

## ಕೊಡುವಾಗ, ಕೊಳ್ಳುವಾಗ

ಗುಜರಿಗೆ ಹಾಕುವ ಮೊದಲು ಏನು ನೋಡಬೇಕು?

ಬೇರೆ ಬೇರೆ ಮಾಡಿ ಕೊಡಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಕಬ್ಬಿಣ, ತಗಡು, ರದ್ದಿ, ಪ್ಲಾಸ್ಟಿಕ್ ಎಲ್ಲದಕ್ಕೂ ಬೇರೆ ದರ. ಎಲ್ಲವನ್ನೂ ಒಂದು ಚೀಲಕ್ಕೆ ತುರುಕಿ ಕೊಟ್ಟರೆ ಇಡೀ ಚೀಲಕ್ಕೆ ತಗಡಿನ ದರ ಬೀಳುತ್ತದೆ. ಒಂದು ಅಯಸ್ಕಾಂತ ಇದ್ದರೆ ಅರ್ಧ ಕೆಲಸ ಮುಗಿಯಿತು: ಕಬ್ಬಿಣ ಅಂಟುತ್ತದೆ, ಹಿತ್ತಾಳೆ ಅಂಟುವುದಿಲ್ಲ. ಹಿತ್ತಾಳೆಯ ಹಾಗೆ ಕಾಣುವ ನಲ್ಲಿ ಅಂಟಿಕೊಂಡರೆ ಅದು ಲೇಪ ಕೊಟ್ಟ ಕಬ್ಬಿಣ. ವೈರಿನ ಒಳಗಿನ ತಾಮ್ರಕ್ಕಾಗಿ ಪ್ಲಾಸ್ಟಿಕ್ ಸುಡುವ ಕೆಲಸಕ್ಕೆ ಕೈ ಹಾಕಬೇಡಿ, ಆ ಹೊಗೆ ವಿಷ.

ಆಮೇಲೆ ಪುಸ್ತಕ, ಕಡತಗಳ ಒಳಗೆ ಕೈಯಾಡಿಸಿ. ಅಂಕಪಟ್ಟಿ, ಪಹಣಿ, ಬ್ಯಾಂಕಿನ ಪುಸ್ತಕ, ಮದುವೆಯ ಫೋಟೋ ಎಲ್ಲವೂ ರದ್ದಿಯ ನಡುವೆ ಹೊರಟುಹೋಗುತ್ತವೆ. ನಮ್ಮ ಮನೆಯಿಂದ ಅಜ್ಜನ ಕೈಬರಹದ ಲೆಕ್ಕದ ಪುಸ್ತಕ ಹೀಗೆಯೇ ಹೋಯಿತು. ಅದರಲ್ಲಿ ಅಂದಿನ ರಾಗಿ ಬೆಲೆಯಿಂದ ಹಿಡಿದು ಸೋದರತ್ತೆಯ ಮದುವೆಯ ಖರ್ಚಿನವರೆಗೆ ಇತ್ತಂತೆ. ಎರಡು ಕಿಲೋ ಇತ್ತು ಎಂದು ಅಮ್ಮ ಈಗಲೂ ಹೇಳುತ್ತಾರೆ, ತೂಕ ಮಾತ್ರ ಮರೆತಿಲ್ಲ.

ಹಣವೇ ಬರಬೇಕೆಂದೇನೂ ಇಲ್ಲ. ಮುರಿದ ಪ್ಲಾಸ್ಟಿಕ್ಕಿಗೆ ಬೆಳ್ಳುಳ್ಳಿ, ಹಳೆಯ ಸೀರೆಗೆ ಸ್ಟೀಲ್ ಪಾತ್ರೆ, ಉದುರಿದ ಕೂದಲಿಗೆ ಪಿನ್ನು ಕೊಡುವವರು ಹಳ್ಳಿಗಳಲ್ಲಿ ಇನ್ನೂ ಬರುತ್ತಾರೆ. ಆ ಚೌಕಾಸಿಯಲ್ಲಿ ನಮ್ಮ ಅತ್ತೆಯಂದಿರನ್ನು ಗೆದ್ದವರನ್ನು ನಾನು ನೋಡಿಲ್ಲ.

ಹಳೆಯ ಸ್ಕೂಟರನ್ನು ಗುಜರಿಗೆ ಕೊಟ್ಟು ಎರಡು ವರ್ಷವಾಯಿತು. ಈಗ ನನ್ನ ಹೆಸರಿಗೆ ದಂಡದ ನೋಟಿಸ್ ಬಂದಿದೆ. ಹೇಗೆ?

ನೀವು ಕೊಟ್ಟದ್ದು ಕಬ್ಬಿಣ, ನೋಂದಣಿ ನಿಮ್ಮ ಹೆಸರಿನಲ್ಲೇ ಉಳಿಯಿತು. ಅಂಗಡಿಗೆ ಹೋದ ಸ್ಕೂಟರು ಎಲ್ಲ ಸಲ ಬಿಚ್ಚಿಹೋಗುವುದಿಲ್ಲ. ಯಾರೋ ಎಂಜಿನ್ ಸರಿಮಾಡಿಸಿ ಓಡಿಸಿರಬಹುದು, ಅಥವಾ ನಿಮ್ಮ ನಂಬರ್ ಫಲಕ ಇನ್ನೊಂದು ಗಾಡಿಯ ಮೇಲೆ ಕುಳಿತಿರಬಹುದು. 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕರು ಹದಿನಾಲ್ಕು ದಿನಗಳೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ನೋಂದಣಿ ಪತ್ರವನ್ನು ಒಪ್ಪಿಸಬೇಕು. ಈಗಲಾದರೂ ಸಾರಿಗೆ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ನೋಟಿಸಿನಲ್ಲಿರುವ ಸ್ಥಳ, ದಿನಾಂಕ ನೋಡಿ ಪೊಲೀಸರಿಗೂ ದೂರು ಕೊಡುವುದು ಒಳ್ಳೆಯದು. ಮುಂದಿನ ಸಲ ಫಲಕವನ್ನು ಕಳಚಿ ಇಟ್ಟುಕೊಂಡು, ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೇ ಕೊಡಿ.

ಹಳೆಯ ಮೊಬೈಲುಗಳು ಡ್ರಾಯರಿನಲ್ಲಿ ತುಂಬಿವೆ. ಅವನ್ನೂ ತೂಕಕ್ಕೆ ಹಾಕಬಹುದೇ?

ಬೇಡ. ಅವುಗಳಲ್ಲಿ ಸೀಸದಂಥ ಲೋಹಗಳು ಇರುತ್ತವೆ, ಬ್ಯಾಟರಿ ಜಜ್ಜಿದರೆ ಹೊತ್ತಿಕೊಳ್ಳುತ್ತದೆ. ಇ-ತ್ಯಾಜ್ಯಕ್ಕೆ ಪ್ರತ್ಯೇಕ ನಿಯಮವೇ ಇದೆ, ಈಗ ನಡೆಯುತ್ತಿರುವುದು 2023ರ ಏಪ್ರಿಲ್ 1ರಿಂದ ಜಾರಿಯಾದದ್ದು. ನೋಂದಾಯಿತ ಮರುಬಳಕೆದಾರರಿಗೆ ಕೊಡಿ, ಕೊಡುವ ಮೊದಲು ಒಳಗಿನ ಫೋಟೋಗಳನ್ನು ಅಳಿಸಿ.

ಗುಜರಿಯಲ್ಲಿ ಅಗ್ಗಕ್ಕೆ ಕೊಂಡದ್ದು ಕದ್ದ ಮಾಲಾಗಿದ್ದರೆ?

ಗೊತ್ತಿದ್ದೂ ಅಥವಾ ಅನುಮಾನಕ್ಕೆ ಸಾಕಷ್ಟು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡರೆ ಅದು ಅಪರಾಧ. ಹಿಂದೆ ದಂಡಸಂಹಿತೆಯ 411ನೇ ಸೆಕ್ಷನ್ ಇದ್ದ ಜಾಗದಲ್ಲಿ ಈಗ ಭಾರತೀಯ ನ್ಯಾಯ ಸಂಹಿತೆಯ 317 ಇದೆ, ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಒಳ್ಳೆಯ ಗುಜರಿ ವ್ಯಾಪಾರಿ ಚರಂಡಿಯ ಮುಚ್ಚಳ, ದೇವಸ್ಥಾನದ ಗಂಟೆ, ಹೊಸ ಕೇಬಲ್ಲಿನ ಸುರುಳಿ ಕಂಡರೆ ಕೈ ಮುಗಿದು ಕಳುಹಿಸುತ್ತಾನೆ. ನೀವೂ ಹಾಗೆಯೇ ಮಾಡಿ, ಕೊಂಡದ್ದಕ್ಕೆ ಚೀಟಿ ಕೇಳಿ.

## ಇನ್ನೂ ಒಳಕ್ಕೆ ಹೋಗುವವರಿಗೆ

ಈ ಪದ ಗುಜರಾತಿನಿಂದ ಬಂದದ್ದೇ?

ಕಿವಿಗೆ ಹಾಗೆ ಕೇಳಿಸುತ್ತದೆ, ಅಹಮದಾಬಾದಿನಲ್ಲಿ ಗುಜರಿ ಬಜಾರ್ ಎಂಬ ಹೆಸರಿನ ಹಳೆಯ ಸಾಮಾನುಗಳ ಸಂತೆಯೂ ಇದೆ. ಸಾಬರಮತಿ ದಂಡೆಯಲ್ಲಿ ಭಾನುವಾರ ನೆರೆಯುವ ಆ ಸಂತೆಯನ್ನು ಊರು ಕಟ್ಟಿದ ಸುಲ್ತಾನ ಅಹಮದ್ ಶಾಹನೇ 1414ರಲ್ಲಿ ಶುರುಮಾಡಿದನೆಂದು ಅಲ್ಲಿಯವರು ಹೇಳುತ್ತಾರೆ. ಆದರೂ ಹೆಸರಿನ ಬೇರು ರಾಜ್ಯದ ಹೆಸರಿನಲ್ಲಿ ಇಲ್ಲ.

ಪಾರಸಿಯಲ್ಲಿ ‘ಗುಜರ್’ ಎಂದರೆ ಹಾದುಹೋಗುವುದು, ಹಾದಿ. ಅದರಿಂದ ಹಿಂದಿ, ಉರ್ದುಗಳಲ್ಲಿ ‘ಗುಜರೀ’ ಆಯಿತು: ಇಳಿಹಗಲಿನಲ್ಲಿ ದಾರಿಯ ಬದಿಗೆ ನೆರೆಯುವ ಸಂತೆ. ಅಲ್ಲಿಯ ನಿಘಂಟುಗಳು ಕೊಡುವ ಅರ್ಥ ಇದೇ, ಹಳೆಯ ಸಾಮಾನಿನ ಮಾತೇ ಇಲ್ಲ. ಕೊಲ್ಹಾಪುರದಲ್ಲಿ ಇಂದಿಗೂ ‘ಗುಜರಿ’ ಎಂದರೆ ಚಿನಿವಾರರ ಬೀದಿ, ಬಂಗಾರದ ಪೇಟೆ! ಮಹಾಲಕ್ಷ್ಮಿಯ ದರ್ಶನಕ್ಕೆ ಹೋದ ನಮ್ಮ ಪರಿಚಯದ ಹಿರಿಯರೊಬ್ಬರು ‘ಮಗಳ ಮದುವೆಗೆ ಗುಜರಿಯಲ್ಲಿ ಬಳೆ ಕೊಂಡೆವು’ ಎಂದು ಅಲ್ಲಿಯವರು ಹೇಳಿದ್ದನ್ನು ಕೇಳಿ ಕನಿಕರಪಟ್ಟಿದ್ದರಂತೆ.

ಕನ್ನಡದಲ್ಲಿ ಅರ್ಥ ಮೆಟ್ಟಿಲಿಳಿದಿದೆ ಎಂದು ನಾನು ಓದಿಕೊಳ್ಳುತ್ತೇನೆ. ಮೊದಲು ದಾರಿ ಬದಿಯ ಸಂತೆ, ಆಮೇಲೆ ಅಲ್ಲಿ ಮಾರುವ ಕೈ ಬದಲಾದ ಸಾಮಾನು, ಕೊನೆಗೆ ಸಾಮಾನಿನ ದುರವಸ್ಥೆ. ಇದೇ ಬೇರಿನ ಇನ್ನೊಂದು ಪದವನ್ನು ನಾವು ತುಂಬ ಗೌರವದಿಂದ ಬಳಸುತ್ತೇವೆ, ಅದು ‘ಅರ್ಜಿ ಗುಜರಾಯಿಸು’. ಕಚೇರಿಯ ಒಳಕ್ಕೆ ಹಾಯಿಸುವುದು ಎಂದರ್ಥ. ಗುಜರಾಯಿಸಿದ ಅರ್ಜಿ ಮೇಜಿನ ಮೇಲೆ ಕುಳಿತೇ ಗುಜರಿಯಾಗುವುದನ್ನು ಕಂಡವರಿಗೆ ಈ ನಂಟು ಬಿಡಿಸಿ ಹೇಳಬೇಕಿಲ್ಲ.

ಪತ್ರಿಕೆಗಳು ‘ವಾಹನ ಗುಜರಿ ನೀತಿ’ ಎಂದು ಬರೆಯುತ್ತವೆ. ಆಡುಮಾತನ್ನು ಹೀಗೆ ಗಂಭೀರ ವಿಷಯಕ್ಕೆ ಬಳಸಬಹುದೇ?

ಬಳಸಿಯಾಗಿದೆ, ಚೆನ್ನಾಗಿಯೂ ಇದೆ. ಕೇಂದ್ರ ಸರ್ಕಾರ 2021ರ ಆಗಸ್ಟ್ 13ರಂದು ಈ ನೀತಿಯನ್ನು ಜಾರಿಗೆ ತಂದಾಗ ಸುದ್ದಿಮನೆಗಳ ಮುಂದೆ ಎರಡು ದಾರಿ ಇತ್ತು. ಸಂಸ್ಕೃತದಿಂದ ಉದ್ದನೆಯ ಪದ ಕಟ್ಟುವುದು ಒಂದು, ಬೀದಿಯಲ್ಲಿ ಇದ್ದ ಪದವನ್ನು ಕರೆದುಕೊಳ್ಳುವುದು ಇನ್ನೊಂದು. ‘ನಿಷ್ಕ್ರಿಯ ವಾಹನ ವಿಲೇವಾರಿ’ ಎಂದಿದ್ದರೆ ಟ್ರ್ಯಾಕ್ಟರ್ ಇರುವ ರೈತ ಸುದ್ದಿಯನ್ನು ದಾಟಿ ಮುಂದಿನ ಪುಟಕ್ಕೆ ಹೋಗುತ್ತಿದ್ದ. ಗುಜರಿ ಎಂದದ್ದರಿಂದ ನಿಂತು ಓದಿದ.

ಆದರೆ ಪದ ಹೆದರಿಕೆಯನ್ನೂ ಹುಟ್ಟಿಸಿತು. ‘ಹದಿನೈದು ವರ್ಷವಾದ ಕಾರನ್ನು ಗುಜರಿಗೆ ಹಾಕಲೇಬೇಕಂತೆ’ ಎಂದು ನನಗೆ ಹೇಳಿದವರು ಎಷ್ಟೋ ಮಂದಿ. ಸಂಗತಿ ಹಾಗಿಲ್ಲ. ನೀತಿ ನೋಡುವುದು ವಾಹನದ ಕ್ಷಮತೆಯನ್ನು, ಪರೀಕ್ಷೆಯಲ್ಲಿ ನಪಾಸಾದ ವಾಹನವನ್ನು. ಖಾಸಗಿ ವಾಹನಕ್ಕೆ ಇಪ್ಪತ್ತು, ವಾಣಿಜ್ಯ ವಾಹನಕ್ಕೆ ಹದಿನೈದು ವರ್ಷದ ಅಳತೆ ಅದರಲ್ಲಿದೆ. ಖಾಸಗಿ ವಾಹನಕ್ಕೆ ಹದಿನೈದು ವರ್ಷದಲ್ಲಿ ಮಾಡಿಸಬೇಕಾದದ್ದು ನೋಂದಣಿ ನವೀಕರಣ. ಹದಿನೈದು ದಾಟಿದ ಕೂಡಲೇ ನೋಂದಣಿ ಕಳೆದುಕೊಳ್ಳುವುದು ಸರ್ಕಾರದ್ದೇ ವಾಹನಗಳು, 2023ರ ಏಪ್ರಿಲ್ 1ರಿಂದ. ದೆಹಲಿಯ ವಿಷಯ ಬೇರೆ, ಅಲ್ಲಿ ಹೊಗೆಯ ಕಾರಣಕ್ಕೆ ನ್ಯಾಯಾಲಯದ ಆದೇಶಗಳಿವೆ.

ಅಟ್ಟದಲ್ಲಿ ಹಳೆಯ ಕಂಚಿನ ಮೂರ್ತಿ, ತಾಳೆಗರಿ ಕಟ್ಟು ಸಿಕ್ಕಿವೆ. ಗುಜರಿಗೆ ಹಾಕಬಹುದೇ?

ಖಂಡಿತ ಬೇಡ. ಇಲ್ಲಿಗೆ ತೂಕದ ಲೆಕ್ಕ ಮುಗಿದು ಕಾನೂನಿನ ಲೆಕ್ಕ ಶುರುವಾಗುತ್ತದೆ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ನಾಣ್ಯ, ಚಿತ್ರದಂಥವು ಪ್ರಾಚೀನ ವಸ್ತುಗಳು. ವೈಜ್ಞಾನಿಕ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವಿರುವ ಹಸ್ತಪ್ರತಿಗೆ ಎಪ್ಪತ್ತೈದು ವರ್ಷ ಸಾಕು. ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು, ಮೂರ್ತಿಯಂಥವನ್ನು ನೋಂದಾಯಿಸಬೇಕು.

ತಾಳೆಗರಿಯ ವಿಷಯದಲ್ಲಿ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಒಮ್ಮೆ ತೋರಿಸಿ. ಕೌಟಿಲ್ಯನ ಅರ್ಥಶಾಸ್ತ್ರ ಕಳೆದೇಹೋಯಿತು ಎಂದು ವಿದ್ವಾಂಸರು ತಿಳಿದಿದ್ದ ಕಾಲದಲ್ಲಿ, 1905ರಲ್ಲಿ, ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿದ್ದು ಅಲ್ಲಿ ಕೂಡಿದ್ದ ಓಲೆಗಳ ನಡುವೆ. 1909ರಲ್ಲಿ ಅದು ಅಚ್ಚಾಯಿತು. ಆ ಕಟ್ಟು ಎಷ್ಟು ತೂಗುತ್ತಿತ್ತೋ ಯಾರೂ ನೋಡಲಿಲ್ಲ, ಸದ್ಯ.

ಒಮ್ಮೆ ಗುಜರಿ ಸೇರಿದ ವಸ್ತು ಹಿಂದಕ್ಕೆ ಬರುವುದುಂಟೇ?

ಬರುತ್ತದೆ, ಹೆಸರು ಬದಲಿಸಿಕೊಂಡು. ಎಚ್.ಎಂ.ಟಿ. ಕೈಗಡಿಯಾರವನ್ನೇ ನೋಡಿ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಅದರ ತಯಾರಿಕೆ ಆರಂಭವಾಯಿತು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಮದುವೆಯ ಅಳಿಯನಿಗೆ ಅದೇ ಉಡುಗೊರೆ. ಬ್ಯಾಟರಿ ಗಡಿಯಾರ ಬಂದ ಮೇಲೆ ಡಬ್ಬಿ ಸೇರಿತು, ಡಬ್ಬಿಯಿಂದ ಗುಜರಿಗೆ ಹೋಯಿತು. 2016ರಲ್ಲಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಕಂಪನಿ ಮುಚ್ಚುತ್ತದೆ ಎಂದು ಗೊತ್ತಾದ ಕೂಡಲೇ ಸಂಗ್ರಾಹಕರು ಹಳೆಯದನ್ನು ಹುಡುಕಲು ಹೊರಟರು. ಈಗ ಅದನ್ನು ಯಾರೂ ತೂಗುವುದಿಲ್ಲ. ಮತ್ತೆ ‘ಒಂದು ವಾಚು’ ಎಂದು ಎಣಿಸುತ್ತಾರೆ.

ಡಕೋಟಾ ವಿಮಾನಕ್ಕೂ ಈ ಭಾಗ್ಯ ಒದಗಿತು. ಗುಜರಿಯ ಸ್ಥಿತಿಯಲ್ಲಿ ಸಿಕ್ಕ ಒಂದನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ಆಗ ಸಂಸದರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ನಮ್ಮ ವಾಯುಪಡೆಗೆ ಉಡುಗೊರೆಯಾಗಿ ಕೊಟ್ಟರು. 2018ರಲ್ಲಿ ಅದು ಹಾರಿಕೊಂಡೇ ಭಾರತಕ್ಕೆ ಬಂತು. ಈಗ ಅದರ ಹೆಸರು ಪರಶುರಾಮ.

ನಮ್ಮ ಬೀದಿಯ ಗುಜರಿ ಅಂಗಡಿ ಇಂದು ಇಲ್ಲ. ಅಲ್ಲಿ ಒಂದು ಕಾಫಿ ಮಂದಿರ ಬಂದಿದೆ, ಗೋಡೆಗೆ ತುಕ್ಕು ಹಿಡಿದ ಸೈಕಲ್, ಲಾಂದ್ರ, ಹಳೆಯ ರೇಡಿಯೋ ತೂಗುಹಾಕಿದ್ದಾರೆ. ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಆ ರೇಡಿಯೋ ನಮ್ಮದೇ ಇರಬೇಕು ಎಂದು ಅವರಿಗೆ ಅನುಮಾನ. ಕಾಫಿ ತಣ್ಣಗಾಗುವವರೆಗೂ ಎದ್ದುಹೋಗಿ ಅದರ ಹಿಂಬದಿಯನ್ನು ನೋಡುತ್ತಿದ್ದರು.